ತೊಟ್ಟಿಯೊಳಗಿನ ಅಳಿವೆ

ಶಿರಿಯಾ ಹೊಳೆ ಕಡಲು ಸೇರುವ ಅಳಿವೆಗೆ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಹಾಗಾಗಿ ಉಪ್ಪುನೀರಿನ ಅಕ್ವೇರಿಯಂ ಇಡುತ್ತೇನೆ ಎಂದಾಗ ನೆರೆಮನೆಯ ಮೊಗವೀರ ಅಣ್ಣ ನಕ್ಕುಬಿಟ್ಟರು. "ಅಲ್ಲ ಮಾಸ್ಟ್ರೇ, ಇಷ್ಟು ದೊಡ್ಡ ಕಡಲು ಪುಕ್ಕಟೆ ಇರುವಾಗ ದುಡ್ಡು ಕೊಟ್ಟು ಉಪ್ಪು ತಂದು ಕಲಕುತ್ತೀರಾ?" ಹೌದು, ಕಲಕಿದೆ. ಮಳೆಗಾಲದಲ್ಲಿ ಅಳಿವೆಯ ನೀರು ಕೆಂಪು ಮಣ್ಣು ತುಂಬಿಕೊಂಡು, ಹೊಳೆನೀರು ಬೆರೆತು ಅರ್ಧ ಸಪ್ಪೆಯಾಗಿರುತ್ತದೆ. ಅದನ್ನು ನಂಬಿ ಮೀನು ಸಾಕಲಾಗದು. ಆರ್.ಒ. ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪು ಬೆರೆಸಿ ಸಾಪೇಕ್ಷ ಸಾಂದ್ರತೆಯನ್ನು ಕಡಲನೀರಿನ ಮಟ್ಟಕ್ಕೆ, ಅಂದರೆ 1.025ಕ್ಕೆ ತಂದದ್ದು ಸುಲಭದ ಕೆಲಸವೇ ಆಗಿತ್ತು. ನನಗೆ ನಾಲ್ಕು ತಿಂಗಳು ನೀರು ಕುಡಿಸಿದ್ದು ಮರಳು.

ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು, ಮರಳು ಕಳೆದರೆ 160 ಲೀಟರ್ ನೀರು ಹಿಡಿಯುತ್ತದೆ. ಕಡಲತೀರದ ಮರಳು ತೆಗೆಯುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮದ ಅಡ್ಡಿಯಿದೆ. ಅಡ್ಡಿ ಇಲ್ಲದಿದ್ದರೂ ನನಗೆ ಅದು ಬೇಕಿರಲಿಲ್ಲ: ನಮ್ಮ ಕಡೆಯ ಮರಳಿನಲ್ಲಿ ಹೆಚ್ಚಿನದು ಬೆಣಚುಕಲ್ಲಿನ ಪುಡಿ. ಬೇಕಾದದ್ದು ಅರಾಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಮರಳು. ಮಂಗಳೂರಿನ ಅಂಗಡಿಯೊಂದರಲ್ಲಿ ಮೊದಲು ಕೊಂಡ ಚೀಲದ ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟೆ. ಕಾರ್ಬೊನೇಟ್ ಆಗಿದ್ದರೆ ನೊರೆಯುಕ್ಕಬೇಕು; ಒಂದು ಗುಳ್ಳೆಯೂ ಏಳಲಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ವರ್ಷವರ್ಷವೂ ತೋರಿಸುತ್ತಿದ್ದ ಪ್ರಯೋಗವನ್ನು ದುಡ್ಡು ಕೊಡುವ ಮೊದಲು ಮಾಡಬೇಕಿತ್ತು. ಆ ಮರಳು ಈಗ ಅಂಗಳದ ಹೂಕುಂಡಗಳಲ್ಲಿದೆ.

ಎರಡನೆಯ ಸಲ ಸಿಕ್ಕಿದ್ದು ನೊರೆಯುಕ್ಕಿಸುವ ಅಸಲಿ ಮರಳು. ಆದರೆ ಸಕ್ಕರೆಯಷ್ಟು ಸಣ್ಣ ಕಾಳು. ಬಾಲ್ದಿಯಲ್ಲಿ ಹತ್ತು ಸಲ ತೊಳೆದೆ; ಹತ್ತನೆಯ ನೀರೂ ಮಜ್ಜಿಗೆಯ ಬಣ್ಣದಲ್ಲೇ ಇತ್ತು. ಮರಳಿನ ಮೇಲೆ ಬಾಳೆಲೆ ಹಾಸಿ ನೀರು ಸುರಿದರೆ ಕದಡುವುದಿಲ್ಲ ಎಂದುಕೊಂಡಿದ್ದೆ. ಎಲೆ ತೇಲಿ ಮೂಲೆ ಸೇರಿತು, ಕೆಳಗೆ ಹೊಂಡ ಬಿತ್ತು. ಪಿಂಗಾಣಿ ತಟ್ಟೆಯೇ ಅದಕ್ಕೆ ಸರಿ. ನೀರು ತಿಳಿಯಾಗಲು ಎರಡು ದಿನ ಹಿಡಿಯಿತು. ಮೂರನೆಯ ದಿನ ತೊಟ್ಟಿಯಲ್ಲಿ ಅಲೆ ಎಬ್ಬಿಸುವ ಪಂಪಾದ, ಗಂಟೆಗೆ 4000 ಲೀಟರ್ ನೂಕುವ ವೇವ್‌ಮೇಕರನ್ನು ಗಾಜಿನ ನಡುಮಟ್ಟಕ್ಕೆ ಅಂಟಿಸಿ ಸ್ವಿಚ್ ಹಾಕಿದೆ. ಐದೇ ನಿಮಿಷದಲ್ಲಿ ತೊಟ್ಟಿಯೊಳಗೆ ಮರಳುಗಾಳಿ. ಬೆಳಗ್ಗೆ ನೋಡಿದರೆ ಬಲಗಡೆ ತಳದ ಗಾಜು ಬರಿದಾಗಿತ್ತು, ಎಡಗಡೆ ಕಲ್ಲಿನ ಹಿಂದೆ ಗೇಣುದ್ದದ ದಿಬ್ಬ ಎದ್ದಿತ್ತು.

ಆಗ ಮಾಡಿದ ತಪ್ಪು ಮೊದಲಿನದಕ್ಕಿಂತ ದೊಡ್ಡದು. ವೇವ್‌ಮೇಕರನ್ನೇ ಕನಿಷ್ಠಕ್ಕೆ ಇಳಿಸಿದೆ. ಮರಳು ಶಾಂತವಾಯಿತು, ತೊಟ್ಟಿ ಚಿತ್ರದಂತೆ ಕಂಡಿತು, ನಾನೂ ಬೀಗಿದೆ. ಮೂರನೆಯ ವಾರ ಎಲ್ಲೆಡೆ ಕಂದು ಪುಡಿ ಬಂತು. ಅದು ಡಯಾಟಂ ಎಂಬ ಸೂಕ್ಷ್ಮ ಪಾಚಿ, ಹೊಸ ತೊಟ್ಟಿಗೆ ಬಂದು ಹೋಗುವ ನೆಂಟ. ಹೋಗದ ನೆಂಟ ಬಂದದ್ದು ಅದರ ಹಿಂದೆ: ಕಲ್ಲಿನ ಮರೆಯಲ್ಲಿ ಮರಳಿನ ಮೇಲೆ ಕಡುಗೆಂಪು ಲೋಳೆಯ ಹೊದಿಕೆ, ಸಯನೋಬ್ಯಾಕ್ಟೀರಿಯಾ. ಸೈಫನ್ನಿನಿಂದ ಎಳೆದು ತೆಗೆದರೆ ನಾಲ್ಕು ದಿನದಲ್ಲಿ ಅದೇ ಜಾಗದಲ್ಲಿ ಮತ್ತೆ ಹಾಜರು.

ಅದೇ ಜಾಗ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಂಜೆಯ ನಡಿಗೆಯಲ್ಲಿ. ಅಳಿವೆಯ ಮರಳದಿಣ್ಣೆ ಆ ವರ್ಷ ತೆಂಕಣಕ್ಕೆ ಸರಿದಿತ್ತು. ದೋಣಿ ಎಳೆಯುತ್ತಿದ್ದ ಅಣ್ಣನನ್ನು ಕೇಳಿದರೆ, "ನೀರಿಗೆ ಸುಸ್ತಾದಲ್ಲಿ ಹೊತ್ತದ್ದನ್ನು ಇಳಿಸುತ್ತದೆ, ಇನ್ನೇನು" ಎಂದರು. ನನ್ನ ತೊಟ್ಟಿಯಲ್ಲೂ ಮರಳು ದಿಬ್ಬವಾಗಿ ಕೂತದ್ದು, ಕಸ ಬಂದು ಬಿದ್ದದ್ದು, ಲೋಳೆ ಬೆಳೆದದ್ದು ಮೂರೂ ಒಂದೇ ಕಡೆ. ಮರಳು ಬೇರೆ, ಹರಿವು ಬೇರೆ ಎಂದು ಎರಡು ಲೆಕ್ಕ ಬರೆಯುತ್ತಿದ್ದೆ. ಇದ್ದದ್ದು ಒಂದೇ ಲೆಕ್ಕ.

ಮನೆಗೆ ಬಂದು ಹಿಡಿಸೂಡಿಯ ಒಂದು ಕಡ್ಡಿಗೆ ಗೇಣುದ್ದ ಬಿಳಿ ನೂಲು ಕಟ್ಟಿದೆ. ತೊಟ್ಟಿಯ ಮೂಲೆಮೂಲೆಗೂ ಅದನ್ನು ಇಳಿಸಿ ನೋಡಿದೆ. ನೂಲು ಬಾಲ ಬೀಸಿದಲ್ಲಿ ಹರಿವಿದೆ, ಜೋಲುಬಿದ್ದಲ್ಲಿ ಇಲ್ಲ. ಕಾಗದದ ಮೇಲೆ ಗುರುತು ಹಾಕುತ್ತಾ ಹೋದಂತೆ ಲೋಳೆಯ ನಕ್ಷೆಯೇ ಮೂಡಿತು. ಮಾರುಕಟ್ಟೆಯಲ್ಲಿ ಹರಿವು ಅಳೆಯುವ ಯಂತ್ರಗಳಿರಬಹುದು. ನನ್ನ ಕೆಲಸಕ್ಕೆ ಈ ಕಡ್ಡಿ ಸಾಕು.

ಮೀನು ಇನ್ನೂ ಬಿಟ್ಟಿರಲಿಲ್ಲ, ಆದ್ದರಿಂದ ಎಲ್ಲವನ್ನೂ ಬಿಚ್ಚುವ ಧೈರ್ಯ ಬಂತು. ದಿಬ್ಬವನ್ನು ತೋಡಿದಾಗ ಒಳಗೆ ಕಪ್ಪು ಪದರ, ಕೊಳೆತ ಮೊಟ್ಟೆಯ ವಾಸನೆ. ಆಮ್ಲಜನಕ ತಲುಪದ ಆಳದಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟಿತ್ತು; ಮೀನಿಗೆ ಅದು ವಿಷ. ಹತ್ತು ಹದಿನೈದು ಸೆಂಟಿಮೀಟರ್ ಆಳದ ಮರಳಿನಲ್ಲಿ ತೊಟ್ಟಿಯ ಕೊಳೆಯಿಂದ ಹುಟ್ಟುವ ನೈಟ್ರೇಟನ್ನು ಒಡೆಯುವ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ ಎಂಬುದು ನಿಜ. ಆದರೆ ಅಂಥ ಹಾಸನ್ನು ಕದಡದೆ ವರ್ಷಗಟ್ಟಲೆ ಕಾಯುವ ತಾಳ್ಮೆ ನನ್ನಲ್ಲಿಲ್ಲ. ಒಂದರಿಂದ ಎರಡು ಮಿಲಿಮೀಟರ್ ಕಾಳಿನ ಮರಳನ್ನು ನಾಲ್ಕು ಸೆಂಟಿಮೀಟರ್ ಮಾತ್ರ ಹಾಕಿದೆ. 25 ಕಿಲೋ ಹಿಡಿಯಿತು. ಇನ್ನೂ ದಪ್ಪ ಕಾಳಾದರೆ ಸಂದಿನಲ್ಲಿ ಕಸ ಸಿಕ್ಕಿಕೊಳ್ಳುತ್ತದೆ. ಕಲ್ಲುಗಳನ್ನು ಮೊದಲು ತಳದ ಗಾಜಿನ ಮೇಲೆಯೇ ಕೂರಿಸಿ, ಆಮೇಲೆ ಸುತ್ತ ಮರಳು ಸುರಿದೆ. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಜೀವಿಗಳು ಒಂದು ದಿನ ಅಡಿಪಾಯ ಕೀಳುತ್ತವೆ. ಕಲ್ಲು ಸೆರಾಮಿಕ್ಕಿನದು. ಲಕ್ಷದ್ವೀಪದಿಂದ ಹವಳದ ತುಂಡು ತರಿಸಿಕೊಡುತ್ತೇನೆಂದವರಿಗೆ ಕೈಮುಗಿದೆ. ಹವಳಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಮರಳು ಶುದ್ಧಮಾಡಲು ವಿದೇಶಿ ಹವ್ಯಾಸಿಗಳು ಹೊಗಳುವ ಸಮುದ್ರಸೌತೆ ಎಂಬ ಜೀವಿಗೂ ಅಷ್ಟೇ.

ವೇವ್‌ಮೇಕರನ್ನು ನೀರಿನ ಮೇಲ್ಮೈಯಿಂದ ಮೂರು ಬೆರಳು ಕೆಳಗಿಟ್ಟು, ಮೂತಿಯನ್ನು ತುಸು ಮೇಲಕ್ಕೆ ತಿರುಗಿಸಿದೆ. ಹರಿವು ಎದುರಿನ ಗಾಜಿಗೆ ಬಡಿದು, ಬಲ ಕಳೆದುಕೊಂಡು, ಮರಳಿನ ಮೇಲೆ ಮೆಲ್ಲಗೆ ಮರಳುತ್ತದೆ. ಕಲ್ಲುಗಳನ್ನು ಹಿಂಬದಿಯ ಗಾಜಿನಿಂದ ಮೂರು ಇಂಚು ಮುಂದೆ ತಂದೆ. ಆ ಮೂರು ಇಂಚಿನಿಂದ ಆದಷ್ಟು ಉಪಕಾರ ಪಂಪಿನಿಂದಲೂ ಆಗಲಿಲ್ಲ. ಮೀನಿಗೆ ವಿಷವಾದ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿಯಲು ಮತ್ತೆ ಆರು ವಾರ ಕಾದೆ. ಆಮೇಲೆ ಎರಡು ಕ್ಲೌನ್ ಮೀನು, ಐದು ಸನ್ಯಾಸಿ ಏಡಿ.

ಜೂನ್ ಬಂತು, ಕರೆಂಟ್ ಹೋಗುವುದೂ ಶುರುವಾಯಿತು. ಹರಿವು ನಿಂತರೆ ನೀರಿಗೆ ಗಾಳಿಯ ಆಮ್ಲಜನಕ ಸೇರುವುದೂ ಕಡಿಮೆಯಾಗುತ್ತದೆ. ಅದಕ್ಕಾಗಿ ಬ್ಯಾಟರಿಯ ಗಾಳಿಪಂಪು ಇಟ್ಟಿದ್ದೇನೆ. ಕರೆಂಟ್ ಬಂದ ಕೂಡಲೇ ವೇವ್‌ಮೇಕರ್ ಒಮ್ಮೆಲೇ ಪೂರ್ತಿ ಬಲದಿಂದ ಎದ್ದು ಮರಳನ್ನು ಹಾರಿಸುತ್ತಿತ್ತು. ನಿಧಾನವಾಗಿ ವೇಗ ಏರಿಸುವ ಕಂಟ್ರೋಲರ್ ಜೋಡಿಸಿದ ಮೇಲೆ ಆ ತಂಟೆ ತಪ್ಪಿತು. ತಿಂಗಳಿಗೊಮ್ಮೆ ನೂಲಿನ ಕಡ್ಡಿ ಇಳಿಸುತ್ತೇನೆ. ಸನ್ಯಾಸಿ ಏಡಿಗಳು ಎಡಮೂಲೆಯಲ್ಲಿ ಹೊಸದೊಂದು ಗುಡ್ಡ ಕಟ್ಟುತ್ತಿವೆ, ಮೊನ್ನೆ ಅಲ್ಲಿ ನೂಲು ಅರ್ಧ ಜೋತಿತ್ತು.