ಕ್ರ್ಯಾಂಕಿನ ಪ್ಲಗ್ ಬಿಚ್ಚದೆ ಎಂಜಿನ್ ಕಟ್ಟಬೇಡಿ

ಬದಿಯಡ್ಕದಲ್ಲಿ ಗ್ಯಾರೇಜು ಇಟ್ಟ ಹೊಸತರಲ್ಲಿ ಪೆರ್ಲ ಕಡೆಯ ಬಾಡಿಗೆ ಜೀಪೊಂದರ ಎಂಜಿನ್ ಕಟ್ಟಿದ್ದೆ. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡವಾದ ಕ್ರ್ಯಾಂಕನ್ನು ಮಂಗಳೂರಿಗೆ ಒಯ್ದು ಗ್ರೈಂಡ್ ಮಾಡಿಸಿ, ಉಜ್ಜಿ ಸಣ್ಣದಾದ ಅಳತೆಗೆ ಹೊಂದುವ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕಿ ಕೂರಿಸಿದೆ. ಹದಿನೈದು ದಿನಕ್ಕೆ ಜೀಪು ಟಕಟಕ ಎನ್ನುತ್ತಾ ವಾಪಸು ಬಂತು. ಹೊಸ ಬೇರಿಂಗಿನ ಮೇಲೆ ಉಗುರಿಗೆ ಸಿಗುವಷ್ಟು ಗೀರು! ಗ್ರೈಂಡಿಂಗ್ ಕಲ್ಲಿನ ಪುಡಿ ಎಣ್ಣೆದಾರಿಯೊಳಗೇ ಕುಳಿತಿತ್ತು. ಆ ದಾರಿಯ ಬಾಯಿಯ ಮುಚ್ಚಳವನ್ನು, ಅಂದರೆ ಪ್ಲಗ್ಗನ್ನು, ಬಿಚ್ಚದೆ ಬಿಟ್ಟವನು ನಾನೇ. ಎರಡನೆಯ ಸಲ ಕೂಲಿ ಕೇಳಲು ಬಾಯಿ ಬರಲಿಲ್ಲ.

ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ನುಣುಪಾದ ಭಾಗವೇ ಜರ್ನಲ್. ಎಂಜಿನ್ನಿನ ಮೈಗೆ ಕೂರುವ ಮೇನ್ ಜರ್ನಲಿನಿಂದ, ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಜರ್ನಲಿಗೆ ಎಣ್ಣೆ ಹೋಗಲು ಕ್ರ್ಯಾಂಕಿನೊಳಗೆ ದಾರಿ ಕೊರೆದಿರುತ್ತದೆ. ಕೆಲವು ಕ್ರ್ಯಾಂಕುಗಳಲ್ಲಿ ಆ ದಾರಿಯ ಹೊರಬಾಯಿಗೆ ಪ್ಲಗ್ ಇರುತ್ತದೆ. ಕ್ರ್ಯಾಂಕ್ ತಿರುಗುವ ರಭಸಕ್ಕೆ ಎಣ್ಣೆಯ ಕೊಳೆ ಹೊರಕ್ಕೆ ಸರಿದು ಪ್ಲಗ್ಗಿನ ಹಿಂದೆ ಜಮೆಯಾಗುತ್ತದೆ. ಒಣಗಿದ ಹಲಸಿನ ಮೇಣದಷ್ಟು ಗಟ್ಟಿ, ಬಣ್ಣ ಮಾತ್ರ ಕಪ್ಪು. ಬರೀ ಗಾಳಿ ಹೊಡೆದರೆ ಜಪ್ಪಯ್ಯ ಎಂದರೂ ಏಳುವುದಿಲ್ಲ.

ತಗಡಿನ ಬಟ್ಟಲಿನಂತಹ ಪ್ಲಗ್ಗಾದರೆ ನಡುವೆ ಸಣ್ಣ ತೂತು ಕೊರೆದು, ಸ್ಕ್ರೂ ತಿರುಗಿಸಿ ಎಳೆದರೆ ಬರುತ್ತದೆ. ಗೋಳು ಹೊಯ್ಯುವುದು ಥ್ರೆಡ್ (ಸ್ಕ್ರೂವಿನಂತೆ ತಿರುಪು) ಇರುವ ಪ್ಲಗ್. ಸಡಿಲವಾಗದಿರಲೆಂದು ಅದರ ಅಂಚನ್ನು ಪಂಚಿನಿಂದ ಜಜ್ಜಿರುತ್ತಾರೆ. ಆ ಜಜ್ಜಿದ ಭಾಗವನ್ನು ಸಣ್ಣ ಡ್ರಿಲ್ಲಿನಿಂದ ಬಿಡಿಸದೆ ಆರು ಮೂಲೆಯ ಅಲೆನ್ ಕೀ ಹಾಕಿ ಜಗ್ಗಿದರೆ ಪ್ಲಗ್ಗಿನ ಆರು ಮೂಲೆಯೂ ಉರುಟಾಗಿ ಹೋಗುತ್ತದೆ. ಬಿಡಿಸಿದ ಮೇಲೆ, ಡೀಸೆಲ್ ಡಬ್ಬಿಯನ್ನು ದೂರ ಇಟ್ಟು, ಪ್ಲಗ್ಗಿನ ಸುತ್ತ ಹದವಾಗಿ ಬಿಸಿ ಮಾಡಿ. ನೀರಿನ ಹನಿ ಚುಂಯ್ ಎಂದರೆ ಸಾಕು. ಕೆಂಪಾಗುವವರೆಗೆ ಕಾಯಿಸಿದರೆ ಕ್ರ್ಯಾಂಕ್ ಗುಜರಿಗೆ. ಆ ಬಿಸಿಯಲ್ಲೇ ಮೇಣದಬತ್ತಿಯನ್ನು ಅಂಚಿಗೆ ಮುಟ್ಟಿಸಿ. ಮೇಣ ಕರಗಿ ಥ್ರೆಡ್ಡಿನ ಸಂದಿಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಅಲೆನ್ ಕೀಯ ತಲೆಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟು ತಿರುಗಿಸಿ.

ಒಳಗಿನ ಕೊಳೆಯನ್ನು ಮೊದಲು ಹಿಡಿಸೂಡಿ (ತೆಂಗಿನ ಕಡ್ಡಿ ಪೊರಕೆ) ಕಡ್ಡಿಯಿಂದ ಕೆದಕುತ್ತೇನೆ. ನಮ್ಮ ಹುಡುಗರು ನಗುತ್ತಾರೆ, ನಗಲಿ. ಎಷ್ಟು ಆಳಕ್ಕೆ ಹೋಯಿತು, ಎಲ್ಲಿ ತಡೆಯಿತು ಎಂದು ಬೆರಳಿಗೆ ತಿಳಿಯುತ್ತದೆ. ಬಳಿಕ ಡೀಸೆಲ್, ಉದ್ದ ಬ್ರಷ್, ಬಿಸಿ ಸೋಪಿನ ನೀರು, ಎರಡೂ ಕಡೆಯಿಂದ ಗಾಳಿ. ತೂತಿಗೆ ತೂರಿಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಬಿಡಬೇಡಿ. ಗ್ರೈಂಡಿಂಗಿಗೆ ಮೊದಲು ತೊಳೆದಿದ್ದೇನೆ ಎಂಬುದು ಲೆಕ್ಕಕ್ಕಿಲ್ಲ. ಗ್ರೈಂಡಿಂಗ್ ಆದ ಮೇಲೆ ಮತ್ತೆ ತೊಳೆಯಲೇಬೇಕು.

ಹೊಸ ಪ್ಲಗ್ ಹಾಕುವಾಗ ಆಳ ನೋಡಿಕೊಳ್ಳಿ. ಹೆಚ್ಚು ಒಳಗೆ ಹೋದರೆ ಜರ್ನಲಿನ ಎಣ್ಣೆ ತೂತನ್ನೇ ಮುಚ್ಚುತ್ತದೆ. ಅದಕ್ಕೂ ಆ ತೂತಿನಿಂದ ಅದೇ ಕಡ್ಡಿ ಇಳಿಸಿ ಪರೀಕ್ಷಿಸುತ್ತೇನೆ. ಥ್ರೆಡ್ಡಿನ ಎಣ್ಣೆ ಪೂರ್ತಿ ಒರೆಸಿ, ಬಲವಾದ ಥ್ರೆಡ್ ಲಾಕರ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಬಿಗಿಮಾಡಿ, ಅಂಚನ್ನು ಎರಡು ಮೂರು ಕಡೆ ಪಂಚ್ ಮಾಡಿ. ಪೈಪಿಗೆ ಸುತ್ತುವ ಬಿಳಿ ಟೇಪು ಬೇಡವೇ ಬೇಡ. ಅದರ ಎಳೆ ಕಿತ್ತುಬಂದರೆ ನೇರ ಬೇರಿಂಗಿಗೆ ಹೋಗುತ್ತದೆ.

ಲಾಕರ್ ಗಟ್ಟಿಯಾಗಲು 24 ಗಂಟೆ ಬಿಟ್ಟು, ಒಂದು ತೂತಿಗೆ ರಬ್ಬರ್ ತುಂಡು ಬಿಗಿದು ಇನ್ನೊಂದರಿಂದ ಸ್ವಲ್ಪ ಗಾಳಿ ಕೊಡಿ. ತೂತಿಗೆ ಬೆರಳು ಇಡಬೇಡಿ. ಪ್ಲಗ್ಗಿನ ಮೇಲೆ ಸೋಪಿನ ನೀರು ಗುಳ್ಳೆ ಎಬ್ಬಿಸದಿದ್ದರೆ ಕೆಲಸ ಸರಿಯಾಗಿದೆ. ಕೂಡಲೇ ಜರ್ನಲ್ಲುಗಳಿಗೆ ಎಂಜಿನ್ ಆಯಿಲ್ ಸವರಿ, ಪ್ಲಾಸ್ಟಿಕ್ ಸುತ್ತಿಡಿ. ಆಟಿಯ ಮಳೆಯಲ್ಲಿ ಬರಿಮೈಯಲ್ಲಿ ಬಿಟ್ಟ ಕ್ರ್ಯಾಂಕಿಗೆ ಬೆಳಗಾಗುವಷ್ಟರಲ್ಲಿ ತುಕ್ಕಿನ ಚುಕ್ಕೆ ಬಿದ್ದಿರುತ್ತದೆ.