ಹದಿನಾರು ಸಾವಿರ ಬಿಟ್ಟು ಹದಿಮೂರೂವರೆಗೆ ಇಳಿದ ಕಥೆ

ಹುಬ್ಬಳ್ಳಿಯ ಉಣಕಲ್ ಕ್ರಾಸ್ ಹತ್ತಿರದ ನನ್ನ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 13,500 ಬಾಡಿಗೆ ಗೊತ್ತುಮಾಡಿದಾಗ ಕೆಳಮನೆಯವರು ಮುನಿಸಿಕೊಂಡರು: "ನೀವೇ ಇಳಿಸಿದರೆ ನಮ್ಮ ಗತಿಯೇನು?" ಭಾವನವರು "ದುಡ್ಡು ಹೆಚ್ಚಾಗಿದ್ದರೆ ನನಗೆ ಕೊಡು" ಎಂದು ನಕ್ಕರು. ಬೋರ್ಡು ತೂಗುಹಾಕಿದ ಒಂಬತ್ತನೇ ದಿನಕ್ಕೆ ಮನೆ ತುಂಬಿತು. ಅದೇ ಕುಟುಂಬ ಈಗ ಎರಡನೇ ವರ್ಷಕ್ಕೆ ಕಾಲಿಟ್ಟಿದೆ.

ಅದಕ್ಕೂ ಹಿಂದಿನ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೇಲಿನ ಮಹಡಿಯವರು ಹದಿನಾರು ಎಂದರು, ನಾನೂ ಹದಿನಾರು ಎಂದೆ. ಅವರು ಬಾಯಲ್ಲಿ ಹೇಳುತ್ತಿದ್ದುದು ಹದಿನಾರು, ಕೈಗೆ ಬರುತ್ತಿದ್ದುದು ಹದಿಮೂರು ಎಂದು ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳು ಬೀಗ ಬಿದ್ದಿತ್ತು. ಬಚ್ಚಲಿನ ಜಾಲಿಯ ಕೆಳಗೆ ನಿಂತು ಚರಂಡಿ ವಾಸನೆ ತಡೆಯುವ ನೀರು ಆರಿ ಮನೆಯೆಲ್ಲ ವಾಸನೆ. ನೋಡಲು ಬಂದವರು ಮೂಗು ಮುಚ್ಚಿಕೊಂಡು ಹೊರಟುಹೋದರು. ಕೊನೆಗೆ ಮಧ್ಯವರ್ತಿಯೊಬ್ಬರು ಒಂದು ತಿಂಗಳ ಬಾಡಿಗೆ ಕಮಿಷನ್ ಪಡೆದು ಹದಿನಾರಕ್ಕೇ ಕರೆತಂದವರು ಐದೇ ತಿಂಗಳಿಗೆ ಹೊರಟರು. ಬಣ್ಣಕ್ಕೆ ಹದಿನೆಂಟು ಸಾವಿರ, ಅವರ ಹಿಂದೆ-ಮುಂದೆ ಸೇರಿ ಖಾಲಿ ಇದ್ದ ಏಳು ತಿಂಗಳ ನಿರ್ವಹಣೆ ಶುಲ್ಕ ಹತ್ತೂವರೆ ಸಾವಿರ. ಎಲ್ಲ ಕಳೆದು ವರ್ಷಕ್ಕೆ ಉಳಿದದ್ದು ಮೂವತ್ತೈದು ಸಾವಿರದ ಆಸುಪಾಸು. 13,500ರ ಲೆಕ್ಕದಲ್ಲಿ ಹನ್ನೆರಡು ತಿಂಗಳಿಗೆ 1,62,000. ಈ ಕಾಗದ ತೋರಿಸಿದ ದಿನ ಭಾವನವರು ನಗಲಿಲ್ಲ.

ಈ ಸಲ ಮಾಲೀಕರನ್ನು ಕೇಳಲೇ ಇಲ್ಲ. ಕಳೆದ ಆರು ತಿಂಗಳಲ್ಲಿ ಹೊಸದಾಗಿ ಬಂದ ಬಾಡಿಗೆದಾರರನ್ನೇ ಹುಡುಕಿದೆ. ಯಾವ ಮನೆ ಯಾವಾಗ ತುಂಬಿತು ಎನ್ನುವುದು ಇಸ್ತ್ರಿ ಅಂಗಡಿಯವನಿಗೆ ಗೊತ್ತಿರುತ್ತದೆ. ಅವನಿಗೆ ನಾನು ಕೇಳಿದ ಪ್ರಶ್ನೆಯನ್ನು ಮಾತ್ರ ಇಲ್ಲಿ ಬರೆಯಲಾರೆ, ಎದುರಿನ ಫ್ಲ್ಯಾಟೂ ಈಗ ಖಾಲಿ ಇದೆ, ಅದರ ಮಾಲೀಕರೂ ಇದನ್ನು ಓದಿಬಿಟ್ಟಾರು. ಒಂಬತ್ತು ಮನೆಗಳ ಲೆಕ್ಕ ಸಿಕ್ಕಿತು. ಕೆಲವರು ನಿರ್ವಹಣೆ ಶುಲ್ಕ ಸೇರಿಸಿ ಹೇಳುತ್ತಾರೆ, ಕೆಲವರು ಬಿಟ್ಟು ಹೇಳುತ್ತಾರೆ. ಅದನ್ನು ಬೇರ್ಪಡಿಸಿದ ಮೇಲೆ ನಡುವಿನ ಅಂಕಿ ಹದಿಮೂರು ಸಾವಿರ.

ಆಮೇಲೆ ಕೂಡುವುದು, ಕಳೆಯುವುದು. ನಮ್ಮೂರಿನಲ್ಲಿ ಮನೆ ನೋಡಲು ಬಂದವರ ಮೊದಲ ಪ್ರಶ್ನೆ "ನೀರು ಎಷ್ಟು ದಿನಕ್ಕೊಮ್ಮೆ?" ದೊಡ್ಡ ಸಂಪು, ಜೊತೆಗೆ ಬೋರ್‌ವೆಲ್ ಇದ್ದುದಕ್ಕೆ 700 ಕೂಡಿಸಿದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದೇ ಹೋಗಬಹುದು, ಅದಕ್ಕೆ 500. ಬಾಗಿಲು ದಕ್ಷಿಣಕ್ಕಿದೆ. ನಾನು ವಾಸ್ತು ನಂಬುವುದಿಲ್ಲ, ಬರುವವರು ನಂಬುತ್ತಾರೆ, 500 ಕಳೆದೆ. 13,700 ಆಯಿತು, ಅದರಲ್ಲಿ 200 ಚೌಕಾಸಿಯಲ್ಲಿ ಹೋಯಿತು.

ನಡುವೆ ಒಬ್ಬರು ತಿಂಗಳ ಬಾಡಿಗೆಯ ಬದಲು ಆರು ಲಕ್ಷ ಠೇವಣಿ ಕೊಟ್ಟು ಲೀಸಿಗೆ ಕೇಳಿದರು. ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ ನೂರಕ್ಕೆ ಏಳರಂತೆ ಆಗ ತಿಂಗಳಿಗೆ ಬರುತ್ತಿದ್ದುದು ಮೂರೂವರೆ ಸಾವಿರ. ಚಹಾ ಕುಡಿಸಿ ಕಳುಹಿಸಿದೆ. ಬೋರ್ಡಿನ ಮೇಲೆ ಬಾಡಿಗೆ ಮೊತ್ತವನ್ನೇ ಬರೆದು ನೋಡಿದೆ. ಇಪ್ಪತ್ತು ಬರುತ್ತಿದ್ದ ಕರೆಗಳು ಆರಕ್ಕೆ ಇಳಿದವು, ಆದರೆ ಆರೂ ಜನ ಮನೆ ನೋಡಲು ಬಂದರು.

ಈಗ ಭಾವನವರದೇ ಸರದಿ. ಧಾರವಾಡದ ಸಪ್ತಾಪುರದ ತಮ್ಮ ಮನೆಗೆ ಬಾಡಿಗೆ ಗೊತ್ತುಮಾಡಿಕೊಡು ಎಂದು ಮೂರು ದಿನದಿಂದ ಫೋನ್ ಮಾಡುತ್ತಿದ್ದಾರೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರೇ ಹೆಚ್ಚು, ಲೆಕ್ಕ ತಲೆಗಿಷ್ಟು ಎಂದು. ನನ್ನ ಇಸ್ತ್ರಿಯವನ ಉಪಾಯ ಅಲ್ಲಿ ನಡೆಯುವುದಿಲ್ಲ, ಆ ಹುಡುಗರು ಬಟ್ಟೆಗೆ ಇಸ್ತ್ರಿ ಹಾಕಿಸುವುದೇ ಅಪರೂಪ. ಭಾನುವಾರ ಖಾನಾವಳಿಗಳಲ್ಲಿ ವಿಚಾರಿಸಬೇಕು.