ಮನೆಯ ಪಕ್ಕದಲ್ಲಿ ನಿಲ್ಲುವ ಆರ್‌ವಿಗೆ 30 ಆಂಪಿಯರ್ ವಿದ್ಯುತ್ ಸಂಪರ್ಕ: ನನ್ನ ಅನುಭವ

ಅಮೆರಿಕದಲ್ಲಿ ಮನೆಯ ಪಕ್ಕದಲ್ಲೇ ಆರ್‌ವಿ (ಒಳಗೇ ವಾಸಿಸುವ ಸೌಕರ್ಯವಿರುವ ಪ್ರವಾಸಿ ವಾಹನ) ನಿಲ್ಲಿಸಿಕೊಳ್ಳುವವರು ಅದಕ್ಕೆ ಕರೆಂಟ್ ಕೊಡಲು ಸಾಮಾನ್ಯವಾಗಿ ಗ್ಯಾರೇಜಿನ 15 ಅಥವಾ 20 ಆಂಪಿಯರ್ ಸಾಕೆಟ್ಟಿನಿಂದ ಉದ್ದನೆಯ ಎಕ್ಸ್‌ಟೆನ್ಷನ್ ವೈರ್ ಎಳೆದು, ತುದಿಗೊಂದು ಅಡಾಪ್ಟರ್ ಸಿಕ್ಕಿಸಿ ಕೆಲಸ ನಡೆಸುತ್ತಾರೆ. ಬ್ಯಾಟರಿ ಚಾರ್ಜ್ ಆಗುತ್ತಿರಲು, ಒಳಗಿನ ದೀಪ ಉರಿಯಲು ಅಷ್ಟು ಸಾಕು. ಆದರೆ ಬಂದ ಅತಿಥಿಗಳು ಅದರಲ್ಲಿ ಮಲಗುವಂತಾಗಬೇಕು, ಬೇಸಿಗೆಯಲ್ಲಿ ಏಸಿ ಓಡಬೇಕು, ನೀರು ಕಾಯಬೇಕು ಎಂದಾಗ ಆ ವ್ಯವಸ್ಥೆ ಸಾಲದು. ನಮ್ಮ ಟ್ರೇಲರ್‌ಗಾಗಿ, ಅಂದರೆ ಬೇರೆ ವಾಹನದ ಹಿಂದೆ ಕಟ್ಟಿ ಎಳೆಯುವ ಬಗೆಯ ಆರ್‌ವಿಗಾಗಿ, ನಾನು ಪ್ರತ್ಯೇಕವಾದ 30 ಆಂಪಿಯರ್ ಸಂಪರ್ಕವನ್ನು ಮಾಡಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಂಡಿ ತೋಡುವುದು, ಪೈಪ್ ಹಾಕುವುದು, ವೈರ್ ಎಳೆಯುವುದು, ಸಾಕೆಟ್ ಜೋಡಿಸುವುದು ಇವೆಲ್ಲವನ್ನೂ ನಾನೇ ಮಾಡಿದೆ. ಮನೆಯ ಮುಖ್ಯ ಪ್ಯಾನೆಲ್ (ವಿದ್ಯುತ್ ಹಂಚುವ ಪೆಟ್ಟಿಗೆ) ಒಳಗಿನ ಜೋಡಣೆಯನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆ. ಮುಖ್ಯ ಬ್ರೇಕರ್ (ಕರೆಂಟ್ ಮಿತಿ ಮೀರಿದಾಗ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್) ಆರಿಸಿದ ಮೇಲೂ ಮೀಟರ್‌ನಿಂದ ಬರುವ ದಪ್ಪ ತಂತಿಗಳಲ್ಲಿ ಮತ್ತು ಅವು ಕೂರುವ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅಲ್ಲಿ ಕೈ ಜಾರಿದರೆ ತಪ್ಪಿಸಬಲ್ಲ ಬ್ರೇಕರ್ ಯಾವುದೂ ಇಲ್ಲ.

ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ವೋಲ್ಟೇಜ್. ಭಾರತದಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್, ನಡುವೆ 230 ವೋಲ್ಟ್ ಎಂಬುದನ್ನು ನೋಡಿ ಬೆಳೆದವರಿಗೆ ಇಲ್ಲಿನ ಮನೆಯ ಪ್ಯಾನೆಲ್ ಸ್ವಲ್ಪ ಗೊಂದಲ ಹುಟ್ಟಿಸುತ್ತದೆ. ಇಲ್ಲಿ ಮನೆಗೆ ಎರಡು ಲೈವ್ ತಂತಿಗಳು ಬರುತ್ತವೆ. ಯಾವ ಒಂದರಿಂದ ನ್ಯೂಟ್ರಲ್‌ಗೆ ಅಳೆದರೂ 120 ವೋಲ್ಟ್, ಆ ಎರಡರ ನಡುವೆ ಅಳೆದರೆ 240 ವೋಲ್ಟ್. ಬಟ್ಟೆ ಒಣಗಿಸುವ ಯಂತ್ರ (ಡ್ರೈಯರ್), ವಿದ್ಯುತ್ ಒಲೆ ಮುಂತಾದವು 240 ವೋಲ್ಟಿನಲ್ಲಿ ನಡೆಯುತ್ತವೆ. 30 ಆಂಪಿಯರ್‌ನ ಆರ್‌ವಿ ಸಾಕೆಟ್, ಅಂದರೆ ಟಿಟಿ-30, ನಡೆಯುವುದು ಕೇವಲ 120 ವೋಲ್ಟಿನಲ್ಲಿ: ಒಂದು ಲೈವ್, ಒಂದು ನ್ಯೂಟ್ರಲ್, ಒಂದು ಗ್ರೌಂಡ್ (ನಮ್ಮಲ್ಲಿ ಅರ್ಥ್ ಎನ್ನುವುದು). ಅದಕ್ಕೆ ಬೇಕಾದದ್ದು ಒಂದೇ ಲೈವ್ ತಂತಿಯನ್ನು ಕಡಿಯುವ ಸಿಂಗಲ್ ಪೋಲ್ ಬ್ರೇಕರ್. ಹಳೆಯ ಮನೆಗಳ ಡ್ರೈಯರ್ ಸಾಕೆಟ್ಟೂ 30 ಆಂಪಿಯರ್‌ನದೇ, ಅದಕ್ಕೂ ಮೂರೇ ರಂಧ್ರ, ಅದರ ಎರಡು ಸೀಳುಗಳೂ ಓರೆಯಾಗಿರುತ್ತವೆ. ಹೀಗಾಗಿ ಆರ್‌ವಿಗಳ ಪರಿಚಯವಿಲ್ಲದ ಅನುಭವಿ ಎಲೆಕ್ಟ್ರಿಷಿಯನ್ ಕೂಡ ಇದೂ ಅಂಥದ್ದೇ ಎಂದು ಭಾವಿಸಿ ಎರಡೂ ಲೈವ್‌ಗಳಿಗೆ ಸೇರುವ ಡಬಲ್ ಪೋಲ್ ಬ್ರೇಕರ್ ಹಾಕಿ 240 ವೋಲ್ಟ್ ಕೊಟ್ಟುಬಿಡುವ ಸಾಧ್ಯತೆ ನಿಜವಾಗಿಯೂ ಇದೆ. ಹಾಗಾದರೆ ಪ್ಲಗ್ ಚುಚ್ಚಿದ ಕ್ಷಣದಲ್ಲೇ ಆರ್‌ವಿ ಒಳಗಿನ ಮೈಕ್ರೋವೇವ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್, ಟಿವಿ, ಫ್ರಿಜ್‌ನ ಬೋರ್ಡ್ ಸುಟ್ಟುಹೋಗುತ್ತವೆ. ಟಿಟಿ-30 ಸಾಕೆಟ್ಟಿನ ಮೇಲೆ 125 ವೋಲ್ಟ್ ಎಂದೇ ಮುದ್ರಿಸಿರುತ್ತಾರೆ. ಅದನ್ನು ನಾನು ಎಲೆಕ್ಟ್ರಿಷಿಯನ್‌ಗೆ ಕೈಯಲ್ಲಿ ಹಿಡಿದು ತೋರಿಸಿದೆ, ಈ ಕೆಲಸಕ್ಕೆ ಸ್ಥಳೀಯ ಆಡಳಿತದಿಂದ ಪಡೆಯುವ ಪರ್ಮಿಟ್‌ನ ಅರ್ಜಿಯಲ್ಲಿಯೂ ‘120 ವೋಲ್ಟ್, ಸಿಂಗಲ್ ಪೋಲ್’ ಎಂದು ಸ್ಪಷ್ಟವಾಗಿ ಬರೆದೆ.

ದೊಡ್ಡ ಆರ್‌ವಿಗಳಲ್ಲಿ ಇರುವ 50 ಆಂಪಿಯರ್‌ನ 14-50 ಸಾಕೆಟ್ಟಿನ ವಿಷಯ ಬೇರೆ. ಅದರಲ್ಲಿ ನಾಲ್ಕು ತಂತಿಗಳಿದ್ದು ಎರಡು ಲೈವ್‌ಗಳ ನಡುವೆ 240 ವೋಲ್ಟ್ ಇರುವುದೇ ಸರಿ. ಸಾಮರ್ಥ್ಯದಲ್ಲಿಯೂ ಎರಡಕ್ಕೂ ಬಹಳ ಅಂತರವಿದೆ: 30 ಆಂಪಿಯರ್‌ನಲ್ಲಿ ಸಿಗುವುದು 3,600 ವಾಟ್, 50 ಆಂಪಿಯರ್‌ನಲ್ಲಿ ಎರಡೂ ಲೈವ್ ಸೇರಿ 12,000 ವಾಟ್. ನಮ್ಮದು ಒಂದೇ ಏಸಿ ಇರುವ ಟ್ರೇಲರ್, 30 ಸಾಕಾಯಿತು.

ಇನ್ನು ದೂರ. ನಮ್ಮ ಪ್ಯಾನೆಲ್‌ನಿಂದ ಟ್ರೇಲರ್ ನಿಲ್ಲುವ ಜಾಗಕ್ಕೆ ಪೈಪ್ ಸಾಗುವ ದಾರಿ ಸುಮಾರು 80 ಅಡಿ. 30 ಆಂಪಿಯರ್‌ಗೆ 10 ಗೇಜಿನ (ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ವೈರ್ ದಪ್ಪ) ತಾಮ್ರದ ವೈರ್ ಸಾಕು ಎಂದು ಎಲ್ಲರೂ ಹೇಳುತ್ತಾರೆ, ನಿಯಮವೂ ಒಪ್ಪುತ್ತದೆ. ಆದರೆ ಆ ಮಾತು ವೈರ್ ಬಿಸಿಯಾಗದಿರುವುದಕ್ಕೆ ಸಂಬಂಧಿಸಿದ್ದೇ ಹೊರತು ತುದಿಯಲ್ಲಿ ಎಷ್ಟು ವೋಲ್ಟ್ ಉಳಿಯುತ್ತದೆ ಎಂಬುದಕ್ಕಲ್ಲ. 10 ಗೇಜಿನ ತಾಮ್ರಕ್ಕೆ 1,000 ಅಡಿಗೆ ಸುಮಾರು 1.24 ಓಮ್ ಪ್ರತಿರೋಧವಿದೆ. ಕರೆಂಟ್ ಹೋಗಿ ಹಿಂದಿರುಗಬೇಕಾದ್ದರಿಂದ 80 ಅಡಿಯನ್ನು 160 ಎಂದು ಎಣಿಸಬೇಕು. 30 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 6 ವೋಲ್ಟ್, ಅಂದರೆ ಶೇಕಡಾ 5ರಷ್ಟು ಕುಸಿಯುತ್ತದೆ. 8 ಗೇಜಿನ ವೈರ್‌ನಲ್ಲಿ ಆ ಕುಸಿತ 3.7 ವೋಲ್ಟಿಗೆ ಇಳಿಯುತ್ತದೆ. ಎನ್‌ಇಸಿ ಎಂದು ಕರೆಯಲಾಗುವ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ಇಂಥ ಸಂಪರ್ಕದಲ್ಲಿ ಕುಸಿತ ಶೇಕಡಾ 3ರೊಳಗಿದ್ದರೆ ಒಳ್ಳೆಯದು ಎಂದು ಟಿಪ್ಪಣಿಯಲ್ಲಿ ಸೂಚಿಸುತ್ತದೆ, ಅದು ಕಡ್ಡಾಯವಲ್ಲ. ನಾನು ಅದನ್ನೇ ಗುರಿಯಾಗಿಟ್ಟುಕೊಂಡು, ಅದಕ್ಕೆ ಬಹಳ ಹತ್ತಿರ ಬರುವ 8 ಗೇಜ್ ಆರಿಸಿದೆ. ಏಸಿಯ ಕಂಪ್ರೆಸರ್‌ಗೆ ವೋಲ್ಟೇಜ್ ಕಡಿಮೆಯಾದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ, ಮೋಟಾರಿನ ಸುರುಳಿ ಬಿಸಿಯಾಗುತ್ತದೆ, ಹೆಚ್ಚು ಕರೆಂಟ್ ಹರಿದದ್ದರಿಂದ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ವೈರಿನಲ್ಲಿ ಉಳಿಸಿದ ಹಣವನ್ನು ಮುಂದೆ ಕಂಪ್ರೆಸರ್‌ಗೆ ಕಟ್ಟಬೇಕಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲೊಂದು ಮರೆಯಬಾರದ ವಿಷಯವಿದೆ: ದೂರದ ಕಾರಣಕ್ಕೆ ಲೈವ್ ಮತ್ತು ನ್ಯೂಟ್ರಲ್ ತಂತಿಗಳನ್ನು ದಪ್ಪಗೊಳಿಸಿದಾಗ ಗ್ರೌಂಡ್ ತಂತಿಯನ್ನೂ ಅದೇ ಪ್ರಮಾಣದಲ್ಲಿ ದಪ್ಪಗೊಳಿಸಬೇಕೆಂದು ಸಂಹಿತೆ ಹೇಳುತ್ತದೆ. ಹೀಗಾಗಿ ನನ್ನ ಮೂರೂ ತಂತಿಗಳು 8 ಗೇಜಿನವು.

ನೆಲ ಅಗೆಯುವ ಮುನ್ನ, ನೆಲದಡಿಯ ಲೈನುಗಳನ್ನು ಗುರುತಿಸಿಕೊಡುವ ಸೇವೆಯ ಸಂಖ್ಯೆಯಾದ 811ಕ್ಕೆ ಕರೆ ಮಾಡಿದೆ. ಕೆಲವು ಕೆಲಸದ ದಿನಗಳೊಳಗೆ ಅವರ ಕಡೆಯವರು ಬಂದು ನೆಲದ ಮೇಲೆ ಬಣ್ಣ ಬಳಿದು ಹೋಗುತ್ತಾರೆ: ವಿದ್ಯುತ್ತಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ, ದೂರವಾಣಿ ಹಾಗೂ ಇಂಟರ್‌ನೆಟ್ ತಂತಿಗಳಿಗೆ ಕಿತ್ತಳೆ. ಆದರೆ ಅವರು ಗುರುತಿಸುವುದು ಸೇವಾ ಕಂಪನಿಗಳ ಲೈನುಗಳನ್ನು ಮಾತ್ರ. ಮೀಟರ್‌ನ ಈಚೆಗೆ ಮನೆಯವರೇ ಹಾಕಿಸಿಕೊಂಡಿರುವ ತೋಟದ ನೀರಿನ ಪೈಪ್, ಹೊರದೀಪದ ವೈರ್ ಇವುಗಳಿಗೆ ಗುರುತು ಬೀಳುವುದಿಲ್ಲ. ಸ್ಪ್ರಿಂಕ್ಲರ್ ಪೈಪ್ ಹಾದುಹೋಗುವ ಕಡೆಯೆಲ್ಲ ನಾನು ಯಂತ್ರ ಬಿಟ್ಟು ಕೈ ಸಲಿಕೆಯಿಂದಲೇ ಅಗೆದೆ.

ಗುಂಡಿಯ ಆಳ ಏನನ್ನು ಹೂಳುತ್ತೇವೆ ಎಂಬುದರ ಮೇಲೆ ನಿಂತಿದೆ. ಪೈಪ್ ಇಲ್ಲದೆ ನೇರವಾಗಿ ಮಣ್ಣಿನಲ್ಲಿ ಹೂಳುವ ಕೇಬಲ್‌ಗೆ ಸಾಮಾನ್ಯವಾಗಿ 24 ಇಂಚು, ಪಿವಿಸಿ ಪೈಪಿಗೆ 18 ಇಂಚು. ಈ ಅಳತೆ ಪೈಪಿನ ಮೇಲ್ಭಾಗದಿಂದ ನೆಲದ ಮಟ್ಟಕ್ಕೆ, ಗುಂಡಿಯ ತಳಕ್ಕಲ್ಲ. ನಾನು ಪಿವಿಸಿ ಪೈಪನ್ನೇ ಆರಿಸಿದೆ. ಮುಂದೊಂದು ದಿನ 50 ಆಂಪಿಯರ್ ಬೇಕೆನಿಸಿದರೆ ಮತ್ತೆ ಅಂಗಳ ಅಗೆಯದೆ ವೈರ್ ಮಾತ್ರ ಬದಲಿಸಬಹುದು ಎಂಬ ಆಲೋಚನೆಯಿಂದ, 1 ಇಂಚಿನದು ಸಾಕಾಗುವಲ್ಲಿ 1¼ ಇಂಚಿನ ಪೈಪ್ ಹಾಕಿದೆ. ಪೈಪ್ ನೆಲದಿಂದ ಮೇಲೆದ್ದು ಬರುವಲ್ಲಿ ವಾಹನ ತಾಗುವ ಭಯವಿರುವುದರಿಂದ ದಪ್ಪ ಗೋಡೆಯ ಶೆಡ್ಯೂಲ್ 80 ಪೈಪ್ ಬೇಕು. ಮನೆಯ ಒಳಗೋಡೆಗಳಲ್ಲಿ ಬಳಸುವ ಹಳದಿ, ಕಿತ್ತಳೆ, ಬಿಳಿ ಹೊದಿಕೆಯ ಕೇಬಲ್ ಈ ಕೆಲಸಕ್ಕೆ ಬರುವುದಿಲ್ಲ. ನೆಲದಡಿಯ ಪೈಪಿನೊಳಗೆ ತೇವ ಸೇರಿಯೇ ಸೇರುತ್ತದೆಂದು ಸಂಹಿತೆ ಭಾವಿಸುತ್ತದೆ, ಅನುಭವವೂ ಹಾಗೆಯೇ ಹೇಳುತ್ತದೆ. ಒದ್ದೆ ಜಾಗಕ್ಕೆಂದೇ ತಯಾರಾದ ಟಿಎಚ್‌ಡಬ್ಲ್ಯುಎನ್ ಬಿಡಿ ತಂತಿಗಳನ್ನು ನಾನು ಎಳೆದೆ. ಪರ್ಮಿಟ್ ಕೊಟ್ಟ ಆಡಳಿತದ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಮಾಡುವವರೆಗೆ ಗುಂಡಿ ತೆರೆದೇ ಇರಬೇಕು. ಮುಚ್ಚಿದ ಗುಂಡಿಯನ್ನು ಮತ್ತೆ ತೋಡಿಸುವ ಅಧಿಕಾರ ಅವರಿಗಿದೆ.

ತುದಿಯಲ್ಲಿ, ಟ್ರೇಲರ್‌ನ ಎಡಬದಿಯ ಹಿಂಭಾಗಕ್ಕೆ ಹತ್ತಿರವಾಗುವಂತೆ ಕಂಬ ನೆಟ್ಟು, ಸಾಕೆಟ್ಟಿನ ಜೊತೆಗೆ ತನ್ನದೇ ಬ್ರೇಕರ್ ಇರುವ, ಮಳೆಗೆ ತಡೆಯುವ ಪೆಟ್ಟಿಗೆಯನ್ನು ಕೂರಿಸಿದೆ. ಬಹುಪಾಲು ಆರ್‌ವಿಗಳಲ್ಲಿ ಕೇಬಲ್ ಹೊರಬರುವುದು ಚಾಲಕನ ಬದಿಯಿಂದಲೇ. ಪ್ಲಗ್ ಹಾಕುವಾಗ ಮತ್ತು ತೆಗೆಯುವಾಗ ಕೈಗೆಟುಕುವಲ್ಲೇ ಕರೆಂಟ್ ಆರಿಸುವ ಅನುಕೂಲವಿರಬೇಕು ಎಂಬುದಕ್ಕೇ ನಾನು ಈ ಬಗೆಯ ಪೆಟ್ಟಿಗೆ ಕೊಂಡದ್ದು. ಈ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ಬೇರೆ ಬೇರೆಯಾಗಿಯೇ ಇರಬೇಕು. ಎರಡನ್ನೂ ಕೂಡಿಸುವ ಸ್ಕ್ರೂ ಪೆಟ್ಟಿಗೆಯ ಜೊತೆ ಬಂದಿದ್ದರೆ ಅದನ್ನು ಹಾಕಬಾರದು. ಅವೆರಡೂ ಸೇರುವುದು ಮನೆಯ ಮುಖ್ಯ ಸಂಪರ್ಕದ ಸ್ಥಳದಲ್ಲಿ ಮಾತ್ರ. ಊರಿನಲ್ಲಿ ಅರ್ಥಿಂಗ್ ಗುಂಡಿ ನೋಡಿ ಬೆಳೆದ ಕೆಲವರು, ಕಂಬದ ಬುಡದಲ್ಲಿ ಒಂದು ಸರಳು ಹೊಡೆದರೆ ಗ್ರೌಂಡ್ ತಂತಿ ಎಳೆಯುವ ಅಗತ್ಯವೇನು ಎಂದು ನನ್ನನ್ನು ಕೇಳಿದ್ದುಂಟು. ಲೆಕ್ಕ ಸರಳವಾಗಿದೆ: ಸರಳು ಮತ್ತು ಮಣ್ಣಿನ ನಡುವೆ 25 ಓಮ್ ಪ್ರತಿರೋಧವಿದ್ದರೆ 120 ವೋಲ್ಟಿನಲ್ಲಿ ಹರಿಯುವುದು 5 ಆಂಪಿಯರ್‌ಗಿಂತ ಕಡಿಮೆ. ಅಷ್ಟಕ್ಕೆ 30 ಆಂಪಿಯರ್ ಬ್ರೇಕರ್ ಎಂದಿಗೂ ಬೀಳುವುದಿಲ್ಲ, ಟ್ರೇಲರ್‌ನ ಲೋಹದ ಮೈಯಲ್ಲಿ ಕರೆಂಟ್ ಹಾಗೆಯೇ ಉಳಿಯುತ್ತದೆ. ಸರಳು ಬೇಕೇ ಬೇಡವೇ ಎಂಬುದನ್ನು ಇನ್‌ಸ್ಪೆಕ್ಟರ್ ಹೇಳುತ್ತಾರೆ. ಪ್ಯಾನೆಲ್‌ವರೆಗೆ ಹೋಗುವ ತಾಮ್ರದ ಗ್ರೌಂಡ್ ತಂತಿಯಂತೂ ಬೇಕೇ ಬೇಕು.

ಟರ್ಮಿನಲ್ ಸ್ಕ್ರೂಗಳ ಬಗ್ಗೆ ನಾನು ಸ್ವಲ್ಪ ಹಟವಾದಿ. ಕರಗಿದ, ಕಪ್ಪಾದ ಆರ್‌ವಿ ಪ್ಲಗ್‌ಗಳಿಗೆ ಸಡಿಲವಾದ ಜೋಡಣೆಯೇ ಬಹುಮಟ್ಟಿಗೆ ಕಾರಣ. ಸಡಿಲವಾದಲ್ಲಿ ಪ್ರತಿರೋಧ ಹೆಚ್ಚುತ್ತದೆ, ಗಂಟೆಗಟ್ಟಲೆ 25 ಆಂಪಿಯರ್ ಹರಿದಾಗ ಅಲ್ಲಿ ಶಾಖ ಕೂಡುತ್ತದೆ, ಆದರೂ ಬ್ರೇಕರ್ ಬೀಳುವುದಿಲ್ಲ, ಏಕೆಂದರೆ ಬ್ರೇಕರ್‌ನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ತಯಾರಕರು ಹೇಳಿದ ಬಿಗಿತಕ್ಕೆ ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್‌ನಂಥ ಉಪಕರಣದಿಂದ ತಿರುಗಿಸಬೇಕು ಎಂಬುದು 2017ರ ಸಂಹಿತೆಯಿಂದೀಚೆಗೆ ನಿಯಮವೇ ಆಗಿದೆ. ಆ ಉಪಕರಣವನ್ನು ಕೊಂಡದ್ದಕ್ಕೆ ನನಗೆ ತೃಪ್ತಿಯಿದೆ.

ಮನೆಯ ಹೊರಗಿನ ಇಂಥ ಸಾಕೆಟ್‌ಗಳಿಗೂ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸಾಧನ) ರಕ್ಷಣೆ ಬೇಕೆಂದು 2020ರ ಸಂಹಿತೆ ಹೇಳುತ್ತದೆ. ಯಾವ ಆವೃತ್ತಿ ಜಾರಿಯಲ್ಲಿದೆ ಎಂಬುದು ಊರಿಂದೂರಿಗೆ ಬೇರೆಯಾಗುತ್ತದೆ. ನಾನು ಪ್ಯಾನೆಲ್‌ನಲ್ಲಿ 30 ಆಂಪಿಯರ್‌ನ ಜಿಎಫ್‌ಸಿಐ ಬ್ರೇಕರ್ ಹಾಕಿಸಿದೆ. ಅದು ಕೇವಲ 5 ಮಿಲಿಆಂಪಿಯರ್ ಆಸುಪಾಸಿನ ಸೋರಿಕೆಗೂ ಬೀಳುತ್ತದೆ. ನಮ್ಮ ಟ್ರೇಲರ್ ಜೋಡಿಸಿದೊಡನೆ ಅದು ಬಿತ್ತು. ಆಗ ಬ್ರೇಕರನ್ನು ದೂರುವುದಕ್ಕಿಂತ ಟ್ರೇಲರ್ ಒಳಗೆ ಹುಡುಕುವುದೇ ಸರಿ. ಒಳಗಿನ ಎಲ್ಲ ಬ್ರೇಕರ್‌ಗಳನ್ನೂ ಆರಿಸಿ ಜೋಡಿಸಿದೆ, ಜಿಎಫ್‌ಸಿಐ ಬೀಳಲಿಲ್ಲ. ಒಂದೊಂದಾಗಿ ಹಾಕುತ್ತ ಹೋದಾಗ ನೀರು ಕಾಯಿಸುವ ಹೀಟರ್‌ನ ಸರದಿಯಲ್ಲಿ ಬಿತ್ತು. ಅದರ ಕಾಯಿಲಿನ ಹೊರಕವಚ ಬಿರುಕು ಬಿಟ್ಟು ಕರೆಂಟ್ ಸೋರುತ್ತಿತ್ತು. ಕಾಯಿಲ್ ಬದಲಿಸಿದ ಮೇಲೆ ತೊಂದರೆಯಿಲ್ಲ. ಒಳಗಿನ ಬ್ರೇಕರ್‌ಗಳೆಲ್ಲ ಆರಿದ್ದಾಗಲೂ ಜಿಎಫ್‌ಸಿಐ ಬೀಳುತ್ತಿದ್ದರೆ, ಟ್ರೇಲರ್‌ನಲ್ಲಿ ಎಲ್ಲೋ ನ್ಯೂಟ್ರಲ್ ಮತ್ತು ಗ್ರೌಂಡ್ ತಾಗಿಕೊಂಡಿವೆ ಎಂದು ಶಂಕಿಸಬೇಕು, ಏಕೆಂದರೆ ಸಾಮಾನ್ಯ ಬ್ರೇಕರ್ ನ್ಯೂಟ್ರಲ್ ತಂತಿಯನ್ನು ಕಡಿದುಹಾಕುವುದಿಲ್ಲ.

ಟ್ರೇಲರ್ ಜೋಡಿಸುವ ಮುನ್ನ ಮಲ್ಟಿಮೀಟರ್‌ನಿಂದ ಸಾಕೆಟ್ ಅಳೆಯದೆ ಮುಂದುವರಿಯಲೇಬಾರದು. ಲೈವ್‌ನಿಂದ ನ್ಯೂಟ್ರಲ್‌ಗೆ 120ರ ಆಸುಪಾಸು, ಲೈವ್‌ನಿಂದ ಗ್ರೌಂಡ್‌ಗೆ ಅಷ್ಟೇ, ನ್ಯೂಟ್ರಲ್‌ನಿಂದ ಗ್ರೌಂಡ್‌ಗೆ ಸೊನ್ನೆಗೆ ಹತ್ತಿರ. ಎಲ್ಲಿಯಾದರೂ 240 ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಖಾಲಿ ಸಾಕೆಟ್ಟಿನ ಅಳತೆ ಅರ್ಧ ಪರೀಕ್ಷೆ ಮಾತ್ರ; ಕರೆಂಟ್ ಹರಿಯದಿದ್ದಾಗ ತೆಳುವಾದ ವೈರ್ ಕೂಡ ಪೂರ್ತಿ 120 ತೋರಿಸುತ್ತದೆ. ಆದ್ದರಿಂದ ಏಸಿ ಮತ್ತು ನೀರಿನ ಹೀಟರ್ ಎರಡನ್ನೂ ಓಡಿಸಿ ಸುಮಾರು 25 ಆಂಪಿಯರ್ ಎಳೆಯುವಂತೆ ಮಾಡಿ ಟ್ರೇಲರ್ ಒಳಗೆ ಅಳೆದೆ. ನೆಲದಡಿಯ ವೈರ್‌ನಲ್ಲಿ 3 ವೋಲ್ಟ್, ಟ್ರೇಲರ್‌ನ 30 ಅಡಿ ಕೇಬಲ್‌ನಲ್ಲಿ ಇನ್ನೆರಡು ವೋಲ್ಟ್ ಹೋಗಬೇಕೆಂದು ಲೆಕ್ಕ ಹೇಳಿತ್ತು. ಕುಸಿತ ಅದಕ್ಕೆ ಹತ್ತಿರವೇ ಇತ್ತು. ಇಷ್ಟು ಕರೆಂಟ್ ಹರಿಯುವಾಗ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ನಡುವೆ ಒಂದೂವರೆ ವೋಲ್ಟಿನಷ್ಟು ಕಾಣುವುದು ಸಹಜ. ಸೊನ್ನೆಯೇ ಕಂಡರೆ ಅವೆರಡನ್ನೂ ಸಮೀಪದಲ್ಲೇ ಯಾರೋ ಕೂಡಿಸಿದ್ದಾರೆ ಎಂದರ್ಥ.

ಸಾಕೆಟ್ ಮತ್ತು ಟ್ರೇಲರ್‌ನ ಪ್ಲಗ್ ನಡುವೆ ವೋಲ್ಟೇಜ್ ಕಾಯುವ ಸಾಧನವೊಂದನ್ನು ಇಟ್ಟಿದ್ದೇನೆ. ಇಂಥವು ಸಾಮಾನ್ಯವಾಗಿ 104 ವೋಲ್ಟಿಗಿಂತ ಕೆಳಗಿಳಿದರೂ 132 ದಾಟಿದರೂ ಕರೆಂಟ್ ಕಡಿದುಹಾಕುತ್ತವೆ. ಜೋಡಿಸುವಾಗ ಮೊದಲು ಕಂಬದ ಬ್ರೇಕರ್ ಆರಿಸಿ, ಪ್ಲಗ್ಗನ್ನು ಪೂರ್ತಿ ಒಳಗೊತ್ತಿ, ಆಮೇಲೆ ಬ್ರೇಕರ್ ಹಾಕುತ್ತೇನೆ. ತೆಗೆಯುವಾಗಲೂ ಮೊದಲು ಬ್ರೇಕರ್, ನಂತರ ಪ್ಲಗ್. ಏಸಿ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ಎಲ್ಲವನ್ನೂ ಆರಿಸಿ ಪ್ಲಗ್ಗಿನ ಅಲಗುಗಳ ಬಣ್ಣ ಬದಲಾಗಿದೆಯೇ ಎಂದು ನೋಡಬೇಕು. ಕಪ್ಪಾಗಿದ್ದರೆ ಉಜ್ಜಿ ಬಳಸುವುದು ಬೇಡ, ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಒಟ್ಟಿಗೇ ಬದಲಿಸಬೇಕು.